ನಾಟಕದ ಸೆಟ್ ಕೆಲಸಕ್ಕೆ ಕಾರ್ಡ್‌ಲೆಸ್ ಟೂಲ್ಸ್: ಮೊದಲು ಯಾವುದು ಕೊಳ್ಳಬೇಕು, ಯಾವುದಕ್ಕೆ ವೈರೇ ಇರಲಿ?

ಮಲೆನಾಡ_ಹವ್ಯಾಸಿ ಕೇಳಿದ್ದು:

ಹವ್ಯಾಸಿ ತಂಡಕ್ಕೆ ಸೆಟ್ ಕಟ್ಟುವ ಸಾಮಾನು ಹೊಂದಿಸಬೇಕಾಗಿದೆ. ಈವರೆಗೆ ವೈರಿನ ಡ್ರಿಲ್, ವೈರಿನ ಜಿಗ್‌ಸಾ, ಸುತ್ತಿಗೆ, ಮೊಳೆಯಲ್ಲೇ ಕೆಲಸ ಸಾಗಿದೆ. ನಮ್ಮ ಸೆಟ್ ಸಾಮಾನ್ಯವಾಗಿ ಹೀಗಿರುತ್ತದೆ: 8×4 ಅಡಿಯ ಲೆವೆಲ್, ಅಂದರೆ ನಟರು ನಿಲ್ಲುವ ಎತ್ತರದ ವೇದಿಕೆ, ಆರರಿಂದ ಹತ್ತು (18 ಮಿ.ಮೀ. ಪ್ಲೈ, ಕೆಳಗೆ 3×2 ಇಂಚಿನ ಸಿಲ್ವರ್ ಓಕ್ ಚೌಕಟ್ಟು), 10 ಅಡಿ ಎತ್ತರದ ಫ್ಲ್ಯಾಟ್, ಅಂದರೆ ಗೋಡೆಯಂತೆ ನಿಲ್ಲಿಸುವ ಚೌಕಟ್ಟು, ಎಂಟು (2×1 ರೀಪು, ಅದರ ಮೇಲೆ 4 ಮಿ.ಮೀ. ಪ್ಲೈ ಅಥವಾ ಕಾಡಾ ಬಟ್ಟೆ), ಒಂದೆರಡು ಮೆಟ್ಟಿಲು, ಕೆಲವು ಸಲ ಕಮಾನು.

ಶೆಡ್ಡಿನಲ್ಲಿ ಕಟ್ಟಿ, ಬಿಚ್ಚಿ, ಕ್ಯಾಂಟರ್‌ಗೆ ತುಂಬಿ ಸಾಗಿಸುತ್ತೇವೆ. ಇಲ್ಲಿ ಶಿವಮೊಗ್ಗದ ಕುವೆಂಪು ರಂಗಮಂದಿರ, ಆಮೇಲೆ ಮೈಸೂರಿನ ಕಲಾಮಂದಿರ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ. ಬೆಳಿಗ್ಗೆ ಹಾಲ್ ಕೈಗೆ ಸಿಕ್ಕರೆ ಮಧ್ಯಾಹ್ನದ ಹೊತ್ತಿಗೆ ಸೆಟ್ ನಿಲ್ಲಬೇಕು, ಲೈಟಿಂಗ್‌ನವರಿಗೆ ಜಾಗ ಬಿಡಬೇಕು, ಪ್ರದರ್ಶನ ಮುಗಿದ ರಾತ್ರಿಯೇ ಎಲ್ಲ ಬಿಚ್ಚಿ ಖಾಲಿ ಮಾಡಬೇಕು.

ತಿಳಿಯಬೇಕಾದದ್ದು: ಇಂಪ್ಯಾಕ್ಟ್ ಡ್ರೈವರ್ ಕೊಳ್ಳಬೇಕೋ ಸಾದಾ ಡ್ರಿಲ್ ಡ್ರೈವರ್ ಸಾಕೋ? 12 ವೋಲ್ಟ್, 18 ವೋಲ್ಟ್, 20 ವೋಲ್ಟ್ ಅಂತೆಲ್ಲ ಇದೆ, ಯಾವುದು? ಬ್ಯಾಟರಿ ಎಷ್ಟು ಬೇಕು? ಗರಗಸವನ್ನೂ ಕಾರ್ಡ್‌ಲೆಸ್ಸಿಗೆ ಬದಲಾಯಿಸಬೇಕೇ? ಕೈಯಲ್ಲಿ 45,000 ರೂಪಾಯಿ ಇದೆ.

ರಂಗಬಡಗಿ:

ಒಂದೇ ಕೊಳ್ಳುವುದಾದರೆ 18 ವೋಲ್ಟಿನ ಇಂಪ್ಯಾಕ್ಟ್ ಡ್ರೈವರ್ ತೆಗೆದುಕೊಳ್ಳಿ. ಎರಡಕ್ಕೆ ದುಡ್ಡಿದ್ದರೆ ಜೊತೆಗೆ ಅದೇ ಕಂಪನಿಯ, ಅದೇ ಬ್ಯಾಟರಿ ಕೂರುವ ಡ್ರಿಲ್ ಡ್ರೈವರ್. ನಿಮ್ಮ ಬಜೆಟ್ಟಿನಲ್ಲಿ ಈ ಎರಡೂ ಬರುತ್ತವೆ, ಬರಲೇಬೇಕು.

ಮಂಚ, ಬೀರು ಮಾಡುವ ಬಡಗಿ ಒಮ್ಮೆ ಹಾಕಿದ ಸ್ಕ್ರೂವಿನ ಮುಖ ಮತ್ತೆ ನೋಡುವುದಿಲ್ಲ. ಸೆಟ್ ಬಡಗಿ ತಾನು ಹಾಕಿದ ಒಂದೊಂದು ಸ್ಕ್ರೂವನ್ನೂ ತೆಗೆಯಬೇಕು, ಅದೂ ರಾತ್ರಿ ಹತ್ತರ ಮೇಲೆ, ಹಾಲ್‌ನ ಸಿಬ್ಬಂದಿ ಬೀಗ ಹಿಡಿದು ಕಾಯುತ್ತಿರುವಾಗ. ಹಾಗಾಗಿ ಅಂಗಡಿಯಲ್ಲಿ ಟೂಲ್ ಕೈಗೆತ್ತಿಕೊಂಡಾಗ ಇದು ಎಷ್ಟು ಚೆನ್ನಾಗಿ ಬಿಗಿಯುತ್ತದೆ ಎಂದು ನೋಡುವುದಕ್ಕಿಂತ ಎಷ್ಟು ಚೆನ್ನಾಗಿ ಬಿಚ್ಚುತ್ತದೆ ಎಂದು ನೋಡಿ. ಬಿಚ್ಚುವುದರಲ್ಲಿ ಇಂಪ್ಯಾಕ್ಟ್ ಡ್ರೈವರಿಗೆ ಸಾಟಿ ಇಲ್ಲ.

ಸಾದಾ ಡ್ರಿಲ್ ಡ್ರೈವರ್ ತಿರುಗುಬಲವನ್ನು ಒಂದೇ ಸಮನೆ ಕೊಡುತ್ತದೆ. ಸ್ಕ್ರೂ ಜಗ್ಗದಿದ್ದರೆ ಆ ಬಲ ನಿಮ್ಮ ಮಣಿಕಟ್ಟಿಗೆ ವಾಪಸ್ ಬರುತ್ತದೆ, ಬಿಟ್ (ಸ್ಕ್ರೂ ತಲೆಯಲ್ಲಿ ಕೂರುವ ತುದಿ) ಮೇಲಕ್ಕೆದ್ದು ತಲೆಯ ಪ್ಲಸ್ ಸೀಳನ್ನು ಕೆರೆದು ಹಾಕುತ್ತದೆ. ಇಂಪ್ಯಾಕ್ಟಿನೊಳಗೆ ಹಿಂದೆ ಸ್ಪ್ರಿಂಗ್ ಇರುವ ಉಕ್ಕಿನ ಹ್ಯಾಮರ್ ಒಂದಿದೆ. ಭಾರ ಹೆಚ್ಚಾದ ತಕ್ಷಣ ಅದು ಜಾರಿ, ಮತ್ತೆ ಬಂದು ಮುಂದಿನ ತುಂಡಿಗೆ ತಿರುಗುವ ದಿಕ್ಕಿನಲ್ಲಿ ಹೊಡೆಯುತ್ತದೆ, ನಿಮಿಷಕ್ಕೆ 3,000ಕ್ಕೂ ಹೆಚ್ಚು ಸಲ. ಹೊಡೆತ ಬಿಡಿಬಿಡಿಯಾಗಿ ಬೀಳುವುದರಿಂದ ಕೈ ತಿರುಚುವುದಿಲ್ಲ, ಬಿಟ್ ಕೂಡ ತಲೆಯಲ್ಲಿ ಕೂತೇ ಇರುತ್ತದೆ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಫ್ಲ್ಯಾಟ್ ಜೋಡಿಸುವವರಿಗೆ ಇದರ ಬೆಲೆ ಗೊತ್ತು.

ನಿಮ್ಮ ಲೆವೆಲ್ ಲೆಕ್ಕ ನೋಡಿ. 8×4ರ ಸುತ್ತಳತೆ 24 ಅಡಿ. ಅಡಿಗೊಂದು ಸ್ಕ್ರೂ ಎಂದರೆ 24. ನಡುವೆ ಎರಡಡಿಗೊಂದರಂತೆ ಮೂರು ಅಡ್ಡಪಟ್ಟಿ, ಪ್ರತಿಯೊಂದರ ಮೇಲೆ ಮೂರು, ಒಟ್ಟು 33. ಚೌಕಟ್ಟಿನ ಮೂಲೆಗಳಿಗೆ ಎಂಟು, ಅಡ್ಡಪಟ್ಟಿಗಳ ತುದಿಗೆ ಹನ್ನೆರಡು. ಒಂದು ಲೆವೆಲ್‌ಗೆ 53, ಹತ್ತಕ್ಕೆ 530. ಪ್ಲೈಗೆ 50 ಮಿ.ಮೀ. ಉದ್ದದ ಸ್ಕ್ರೂ ಹಾಕಿ. 18 ಪ್ಲೈಯಲ್ಲಿ ಹೋದರೆ 32 ಮರಕ್ಕೆ ಇಳಿಯುತ್ತದೆ. ಉದ್ದದ ಮೂರರಲ್ಲಿ ಎರಡು ಪಾಲಿನ ಆಸುಪಾಸು ಕೆಳಗಿನ ಮರದಲ್ಲಿರಬೇಕು. 38ರದ್ದು ಹಾಕಿದರೆ ನಟರು ಕುಣಿದ ಮೂರನೇ ಪ್ರದರ್ಶನಕ್ಕೆ ಪ್ಲೈ ಕಿರುಗುಟ್ಟಲು ಶುರುವಾಗುತ್ತದೆ.

ಆದರೆ ಈ 530ರಲ್ಲಿ ಪ್ರವಾಸದಲ್ಲಿ ಬಿಚ್ಚಬೇಕಾದದ್ದು ಒಂದೂ ಇರಬಾರದು. ಲೆವೆಲ್ ಅನ್ನು ಇಡಿಯಾಗಿ ಸಾಗಿಸಿ, ಕಾಲು ಮಾತ್ರ ಬೇರೆ ಮಾಡಿ. ಕಾಲಿಗೆ ಸ್ಕ್ರೂ ಸಲ್ಲದು, ಎಂ-10 ಬೋಲ್ಟ್ ಬೇಕು, ಕಾಲೊಂದಕ್ಕೆ ಎರಡು, ನಟ್ಟಿನ ಬದಿಗೆ ಅಗಲ ವಾಷರ್. ಇಂಪ್ಯಾಕ್ಟ್ ಡ್ರೈವರಿಗೆ ಕಾಲಿಂಚಿನ ಹೆಕ್ಸ್‌ನಿಂದ ಅರ್ಧ ಇಂಚಿನ ಚೌಕಕ್ಕೆ ಹೋಗುವ ಅಡಾಪ್ಟರ್ ಹಾಕಿ, 17 ನಂಬರಿನ ಸಾಕೆಟ್ ಕೂರಿಸಿದರೆ ಅದೇ ಟೂಲ್ ಬೋಲ್ಟನ್ನೂ ಬಿಚ್ಚುತ್ತದೆ. ಬಿಗಿಯುವಾಗ ಮಾತ್ರ ಟಕಟಕ ಸದ್ದು ಶುರುವಾದ ಒಂದು ಕ್ಷಣಕ್ಕೇ ಬೆರಳು ಬಿಡಿ. ಸಿಲ್ವರ್ ಓಕ್ ಮೆದು ಮರ, ಬಿಡದಿದ್ದರೆ ವಾಷರ್ ಮರದೊಳಗೆ ಹೂತುಹೋಗಿ ಮುಂದಿನ ಊರಲ್ಲಿ ತೂತೇ ಸಡಿಲವಾಗಿರುತ್ತದೆ.

ಫ್ಲ್ಯಾಟ್‌ನಿಂದ ಫ್ಲ್ಯಾಟ್‌ಗೆ ಪಿನ್ ತೆಗೆಯಲು ಬರುವ ಹಿಂಜ್ ಹಾಕಿ, 10 ಅಡಿಗೆ ಮೂರು. ಅಲ್ಲಿ ಬ್ಯಾಟರಿಯೂ ಬೇಡ, ಟೂಲೂ ಬೇಡ, ಪಿನ್ ಎಳೆದರೆ ಮುಗಿಯಿತು. ಹೆಗ್ಗೋಡಿನ ನೀನಾಸಂನ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ದಿನಕ್ಕೊಂದು ಊರಾದಾಗ ಸೆಟ್ಟಿನ ವಿನ್ಯಾಸವೇ ಬಿಚ್ಚಿ ಕಟ್ಟುವುದಕ್ಕೆ ಹೊಂದಿಕೊಂಡಿರಬೇಕು. ಟೂಲ್ ಆಮೇಲಿನ ಮಾತು.

ಧಾರವಾಡ_ಸೈಡ್‌ವಿಂಗ್:

ಮ್ಯಾಲಿನವ್ರ ಮಾತು ಅರ್ಧ ಒಪ್ತೀನ್ರಿ. ಲೆವೆಲ್‌ಗೆ, ಬೋಲ್ಟ್‌ಗೆ ಇಂಪ್ಯಾಕ್ಟ್ ಬೇಕಾ ಬೇಕು. ಆದ್ರ ದುಡ್ಡು ಒಂದಕ್ಕ ಇದ್ರ ಡ್ರಿಲ್ ಡ್ರೈವರ್ ತಗೋರಿ ಅಂತ ನಾ ಹೇಳ್ತೀನಿ. ಯಾಕಂದ್ರ ನಿಮ್ಮ ಸೆಟ್ಟಿನ್ಯಾಗ ಎಂಟು ಫ್ಲ್ಯಾಟ್ ಅದಾವ, ಅವುಕ್ಕ 4 ಮಿ.ಮೀ. ಪ್ಲೈ ಐತಿ. ಇಂಪ್ಯಾಕ್ಟಿಗೆ ಕ್ಲಚ್ ಇರಂಗಿಲ್ಲ. ಬೆರಳಿನ ಒತ್ತಡ ಒಂಚೂರು ಹೆಚ್ಚಾದ್ರ ಸ್ಕ್ರೂ ತಲಿ ಪ್ಲೈ ಸೀಳಿ ಆ ಕಡೆ ಹೋಗತೈತಿ. 9 ಮಿ.ಮೀ. ಪ್ಲೈದಾಗೂ ಹಂಗ. ಮ್ಯಾಲಿನ ಪದರು ಒಡದು ತಲಿ ಕೆಳಗ ಇಳೀತಂದ್ರ ಹಿಡಕೊಳ್ಳಾಕ ಉಳಿಯೂದು ಕೆಳಗಿನ ಒಂದೆರಡು ಪದರು ಅಷ್ಟ. ಕಣ್ಣಿಗೆ ಕಾಣೂದಿಲ್ಲ, ಫ್ಲ್ಯಾಟ್ ಎತ್ತಿದಾಗ ಪ್ಲೈ ಕಿತ್ತು ಕೈಯಾಗ ಬರತೈತಿ.

ಡ್ರಿಲ್ ಡ್ರೈವರಿಗೆ ಚಕ್ಕಿನ (ಬಿಟ್ ಹಿಡಿಯೂ ಬಾಯಿ) ಹಿಂದ ನಂಬರ್ ಇರೋ ಉಂಗುರ ಇರತೈತಲ್ಲ, ಅದ ಕ್ಲಚ್. ಮೊದಲ ಒಂದು ಬ್ಯಾರೆ ತುಂಡಿನ ಮ್ಯಾಲ ನೋಡ್ರಿ: 4ರಿಂದ ಶುರು ಮಾಡಿ ಒಂದೊಂದ ನಂಬರ್ ಏರಿಸ್ಕೋತ ಹೋಗ್ರಿ. ತಲಿ ಪ್ಲೈಗೆ ಸಮ ಕೂತು ಕ್ಲಚ್ ಕಟಕಟ ಅಂದಲ್ಲಿ ನಿಲ್ಲಿಸ್ರಿ. ಆ ನಂಬರ ಟೂಲಿನ ಮ್ಯಾಲ ಟೇಪ್ ಹಚ್ಚಿ ಬರದಿಡ್ರಿ. ಮುಂದ ಹೊಸ ಹುಡುಗರ ಕೈಯಾಗ ಕೊಟ್ರೂ ಮುನ್ನೂರು ಸ್ಕ್ರೂ ಒಂದ ಆಳಕ್ಕ ಇಳೀತಾವ. ಸ್ಕ್ರೂ ಹಾಕೂವಾಗ ಗೇರ್ 1, ತೂತು ಹೊಡಿಯೂವಾಗ ಗೇರ್ 2. ಗೇರ್ 2ರಾಗ ಸ್ಕ್ರೂ ಹಾಕಿದ್ರ ಬಲ ಸಾಲದ ಮೋಟರ್ ಕಾಯತೈತಿ.

ಇನ್ನೊಂದು ಗದ್ದಲದ ಮಾತು. ಇಂಪ್ಯಾಕ್ಟ್ ಸದ್ದು ಕಿವಿಗೆ ಹೊಡಿಯೂವಂಥಾದ್ದು. ಸ್ಟೇಜಿನ ಮ್ಯಾಲ ಲೈಟ್ ಕ್ಯೂ ಬರೀತಿರ್ತಾರ, ಸೌಂಡಿನವ್ರು ಸದ್ದಿನ ಮಟ್ಟ ನೋಡ್ತಿರ್ತಾರ, ಅವಾಗ ನೀವು ಇಂಪ್ಯಾಕ್ಟ್ ಒತ್ತಿದ್ರ ಎಲ್ಲಾರ ಕೆಲಸಾನೂ ನಿಲ್ಲತೈತಿ. ಡ್ರಿಲ್ ಡ್ರೈವರ್ ಸುಮ್ಮನ ತನ್ನ ಪಾಡಿಗೆ ಕೆಲಸ ಮಾಡತೈತಿ. ತಾಂತ್ರಿಕ ತಾಲೀಮಿನ ಹೊತ್ತಿನ್ಯಾಗ ಅದೊಂದ ಕೈಯಾಗ ಇರಲಿ. ಇಂಪ್ಯಾಕ್ಟ್ ಹಿಡಿಯೂವಾಗ ಕಿವಿಗೆ ಪ್ಲಗ್ ಹಾಕ್ಕೋಬೇಕು, ಇದರಾಗ ರಾಜಿ ಬ್ಯಾಡ.

ಮತ್ತ ಟೂಲಿಗಿಂತ ದೊಡ್ಡ ಮಾತು ಬಿಟ್ಟಿಂದು. ಕಪ್ಪು ಜಿಪ್ಸಮ್ ಸ್ಕ್ರೂ ತಲಿ ಪಿಎಚ್ 2 (ಫಿಲಿಪ್ಸ್). ಹಳದಿ ಚಿಪ್‌ಬೋರ್ಡ್ ಸ್ಕ್ರೂ ತಲಿ ಬಾಳ ಸಲ ಪಿಜಡ್ 2 (ಪೋಜಿಡ್ರೈವ್). ಎರಡೂ ಪ್ಲಸ್ ಅಂತ ಕಂಡ್ರೂ ಬ್ಯಾರೆ. ಪಿಜಡ್ ತಲಿಯಾಗ ದೊಡ್ಡ ಪ್ಲಸ್ ನಡಕ ಸಣ್ಣ ನಾಕು ಗೀರು ಇರ್ತಾವ, ಅದ ಗುರುತು. ಪಿಎಚ್ ಬಿಟ್ಟಿನಿಂದ ಪಿಜಡ್ ಸ್ಕ್ರೂ ಹಾಕಿದ್ರ ಹಾಕೂವಾಗ ಹೋಗತೈತಿ, ಬಿಚ್ಚೂವಾಗ ತಲಿ ತಿಂದು ಬಿಡತೈತಿ. ಆವಾಗ ಎಲ್ಲಾರೂ ಸ್ಕ್ರೂ ಕೆಟ್ಟದು ಅಂತಾರ. ಬಿಟ್ 50 ಮಿ.ಮೀ. ಉದ್ದಂದು ತಗೋರಿ. 25ರ ಸಣ್ಣ ಬಿಟ್ ಹೋಲ್ಡರಿನ್ಯಾಗ ಅಲುಗಾಡತೈತಿ. ಇಂಪ್ಯಾಕ್ಟಿಗೆ ಇಂಪ್ಯಾಕ್ಟ್ ಅಂತ ಬರದಿದ್ದ ಬಿಟ್ಟ ಬೇಕು, ಅದರ ನಡುವ ಸಣ್ಣ ಆಗಿರತೈತಿ, ಹೊಡತ ಬಿದ್ದಾಗ ಒಂಚೂರು ತಿರುವಿ ತಾಳ್ಕೋತೈತಿ. ಸಾದಾ ಬಿಟ್ ಹಾಕಿದ್ರ ಮೂಲಿ ಸಿಡೀತಾವ. ಬಿಟ್ಟಿನ ನಾಕೂ ಅಂಚು ಉಗುರಿಗೆ ಚೂಪು ಹತ್ತಬೇಕು. ಹತ್ತಲಿಲ್ಲಂದ್ರ ಒಗೀರಿ. ಸವೆದ ಬಿಟ್ ಉಳಿಸಿ ನೂರು ಸ್ಕ್ರೂ ಹಾಳು ಮಾಡೂದು ಬ್ಯಾಡ.

ಕಪ್ಪು ಸ್ಕ್ರೂ ಭಾರ ಹೊರೋ ಕಡೆ ಹಾಕಲೇಬ್ಯಾಡ್ರಿ. ಅದು ಗಟ್ಟಿ ಮಾಡಿದ ಉಕ್ಕು, ಬಾಗೂದಿಲ್ಲ, ಅಡ್ಡ ಭಾರ ಬಿದ್ರ ಪಟ್ಟನ ಮುರೀತೈತಿ. ಮೆಟ್ಟಿಲಿನ ಹಲಿಗಿ, ಲೆವೆಲ್ ಕಾಲು, ಕೈಹಿಡಿ, ಇವುಕ್ಕ ಕಪ್ಪು ಸ್ಕ್ರೂ ಅಂದ್ರ ನಟರ ಕಾಲು ಮುರಿಯೂ ಕೆಲಸ. ಪ್ಲೈ ಹಚ್ಚಾಕ, ಪಟ್ಟಿ ಕೂಡಸಾಕ ನಡೀತೈತಿ.

ವೋಲ್ಟ್_ಲೆಕ್ಕ:

ಬ್ಯಾಟರಿಯ ವಿಷಯ ಬಿಡಿಸಿ ಹೇಳುತ್ತೇನೆ, ಏಕೆಂದರೆ ತಂಡಗಳು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

18 ಮತ್ತು 20 ಒಂದೇ. ಲಿಥಿಯಂ ಸೆಲ್ ಒಂದರ ಸಾಮಾನ್ಯ ವೋಲ್ಟೇಜ್ 3.6. ಐದು ಸೆಲ್ ಸರಣಿಯಲ್ಲಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಸೆಲ್ 4 ವೋಲ್ಟ್ ದಾಟುತ್ತದೆ, ಐದರಿಂದ ಗುಣಿಸಿ 20 ಎಂದು ಪೆಟ್ಟಿಗೆಯ ಮೇಲೆ ಬರೆಯುತ್ತಾರೆ. 12 ಅನ್ನುವುದು ಮೂರು ಸೆಲ್, ನಿಜಕ್ಕೆ 10.8. ಹಾಗಾಗಿ ನಿಮ್ಮ ಆಯ್ಕೆ 12 ಮತ್ತು 18ರ ನಡುವೆ ಮಾತ್ರ. 12 ವೋಲ್ಟಿನ ಡ್ರಿಲ್ ಹಗುರ, ಫ್ಲ್ಯಾಟ್‌ಗೆ, ಹಿಂಜ್‌ಗೆ, ರಂಗದ ಮೇಲಿನ ಸಾಮಗ್ರಿಯ ರಿಪೇರಿಗೆ ಬಹಳ ಹಿತ. ಆದರೆ ಆ ಬ್ಯಾಟರಿಯಲ್ಲಿ 18 ಮಿ.ಮೀ. ಪ್ಲೈ ಕೊಯ್ಯುವ ಗರಗಸವನ್ನು ಓಡಿಸುವ ಆಸೆ ಇಟ್ಟುಕೊಳ್ಳಬೇಡಿ. ಎರಡು ಬಗೆಯ ಬ್ಯಾಟರಿ, ಎರಡು ಚಾರ್ಜರ್ ಹೊತ್ತು ತಿರುಗುವುದು ತಂಡಕ್ಕೆ ಕಷ್ಟ. ಇಡೀ ತಂಡ 18ಕ್ಕೇ ನಿಲ್ಲಲಿ.

ಆಂಪಿಯರ್-ಅವರ್ (ಎಎಚ್) ಹೆಚ್ಚಾದರೆ ಹೆಚ್ಚು ಹೊತ್ತು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಲವೂ ಹೆಚ್ಚು ಸಿಗುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. 2 ಎಎಚ್ ಬ್ಯಾಟರಿಯಲ್ಲಿ ಐದು ಸೆಲ್ಲಿನ ಒಂದೇ ಸಾಲು. 4 ಅಥವಾ 5 ಎಎಚ್‌ನಲ್ಲಿ ಸಾಮಾನ್ಯವಾಗಿ ಎರಡು ಸಾಲು, ಹತ್ತು ಸೆಲ್. ಗರಗಸ 30 ಆಂಪಿಯರ್ ಎಳೆದರೆ ಮೊದಲನೆಯದರಲ್ಲಿ ಪ್ರತಿ ಸೆಲ್ಲೂ 30 ಕೊಡಬೇಕು, ಎರಡನೆಯದರಲ್ಲಿ 15 ಸಾಕು. ಸೆಲ್ ಕಡಿಮೆ ಕಾಯುತ್ತದೆ, ವೋಲ್ಟೇಜ್ ಕಡಿಮೆ ಕುಸಿಯುತ್ತದೆ. ಅದೇ ಗರಗಸ 2 ಎಎಚ್‌ನಲ್ಲಿ ನಡುವೆ ನಿಂತು, 5 ಎಎಚ್‌ನಲ್ಲಿ ಸಲೀಸಾಗಿ ಹೋಗುವುದು ಇದೇ ಕಾರಣಕ್ಕೆ. ಡ್ರೈವರುಗಳಿಗೆ 2 ಎಎಚ್ ಒಳ್ಳೆಯದು, ಏಣಿಯ ಮೇಲೆ ತೂಕ ಕಡಿಮೆ. ಗರಗಸಕ್ಕೆ 5.

ಎಷ್ಟು ಕೆಲಸ ಬರುತ್ತದೆ? 18 ವೋಲ್ಟ್ ಗುಣಿಸು 5 ಎಎಚ್, 90 ವ್ಯಾಟ್-ಅವರ್. ಮೆದು ಮರಕ್ಕೆ 50 ಮಿ.ಮೀ. ಸ್ಕ್ರೂ ಇಳಿಸಲು ಎರಡು ಮೂರು ಸೆಕೆಂಡು, ಇನ್ನೂರು ಮುನ್ನೂರು ವ್ಯಾಟ್ ಎಂದು ಹಿಡಿದರೆ ಒಂದು ಚಾರ್ಜಿಗೆ ನಾನೂರರ ಆಸುಪಾಸು ಸ್ಕ್ರೂ. ಹತ್ತು ಲೆವೆಲ್ ಶೆಡ್ಡಿನಲ್ಲಿ ಕಟ್ಟಲು ಒಂದೂವರೆ ಚಾರ್ಜ್. ಗರಗಸ ಹಾಗಲ್ಲ. 18 ಮಿ.ಮೀ. ಪ್ಲೈಯಲ್ಲಿ 8 ಅಡಿ ಉದ್ದದ ಕೊಯ್ತ ಹದಿನೈದು ಇಪ್ಪತ್ತಾಗುವಷ್ಟರಲ್ಲಿ ಅದೇ ಬ್ಯಾಟರಿ ಖಾಲಿ.

ನಿಮ್ಮ ಪಟ್ಟಿಗೆ 5 ಎಎಚ್ ಎರಡು, 2 ಎಎಚ್ ಎರಡು ಸಾಕು. ಬ್ಯಾಟರಿಗಿಂತ ಚಾರ್ಜರ್ ಮೇಲೆ ಖರ್ಚು ಮಾಡಿ. ಟೂಲಿನ ಜೊತೆ ಬರುವ ಚಾರ್ಜರ್ ಬಹಳ ಸಲ 2 ಆಂಪಿಯರಿನ ಆಸುಪಾಸು ಕೊಡುವಂಥದ್ದು, ಅದರಲ್ಲಿ 5 ಎಎಚ್ ತುಂಬಲು ಎರಡೂವರೆ ಗಂಟೆಗೂ ಮೇಲೆ ಬೇಕು. 6 ಆಂಪಿಯರಿನದಾದರೆ ಒಂದು ಗಂಟೆಯ ಕೆಲಸ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಬ್ಯಾಟರಿ ತಯಾರಿರಬೇಕು, ಅದು ಮುಖ್ಯ.

ಕೆಲಸ ಮಾಡಿ ಬಿಸಿಯಾದ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದರೆ ದೀಪ ಮಿನುಗುತ್ತದೆ, ಚಾರ್ಜ್ ಆಗುವುದಿಲ್ಲ. ಕೆಟ್ಟಿಲ್ಲ, ತಣಿಯಲು ಕಾಯುತ್ತಿದೆ. 45 ಡಿಗ್ರಿ ಮೇಲೆ ಲಿಥಿಯಂ ಸೆಲ್‌ಗೆ ಚಾರ್ಜ್ ಕೊಡಬಾರದು. ಫ್ಯಾನಿನ ಕೆಳಗೆ ಕಾಲು ಗಂಟೆ ಇಡಿ. ಫ್ರಿಜ್ಜಿಗೆ ಇಡಬೇಡಿ, ಒಳಗೆ ತೇವ ಕೂರುತ್ತದೆ. ಏಪ್ರಿಲ್‌ನಲ್ಲಿ ಕ್ಯಾಂಟರಿನ ಕ್ಯಾಬಿನ್ನಿನಲ್ಲಿ ಬಿಟ್ಟು ಹೋಗಬೇಡಿ. ನಾಟಕ ಇಲ್ಲದ ತಿಂಗಳುಗಳಲ್ಲಿ ಅರ್ಧ ಚಾರ್ಜಿನಲ್ಲಿ, ಟೂಲಿನಿಂದ ಬಿಡಿಸಿ ಇಡಿ. ಪೂರ್ತಿ ಖಾಲಿ ಮಾಡಿ ಮಳೆಗಾಲವಿಡೀ ಇಟ್ಟ ಬ್ಯಾಟರಿಯನ್ನು ಚಾರ್ಜರ್ ಗುರುತಿಸುವುದೇ ಇಲ್ಲ.

ಕಂಪನಿ? ಬಾಷ್, ಮಕಿಟಾ, ಡಿವಾಲ್ಟ್ ಮೂರೂ ಈ ಕೆಲಸಕ್ಕೆ ಸರಿ. ನಿಮ್ಮ ಜಿಲ್ಲೆಯಲ್ಲಿ ಯಾರ ಸರ್ವಿಸ್ ಹತ್ತಿರವೋ ಅದು ನಿಮ್ಮದು. ಒಂದು ಎಚ್ಚರ: ಬಾಷ್‌ನ ಹಸಿರು ಮತ್ತು ನೀಲಿ ಎರಡೂ 18 ವೋಲ್ಟ್ ಆದರೂ ಬ್ಯಾಟರಿ ಅದಲು ಬದಲು ಕೂರುವುದಿಲ್ಲ. ನೀಲಿಯದನ್ನೇ ನೋಡಿ. ಬ್ರಷ್‌ಲೆಸ್ ಮೋಟರ್ ಇರುವುದು ಸಿಕ್ಕರೆ ಇಂಪ್ಯಾಕ್ಟ್ ಮತ್ತು ಗರಗಸದಲ್ಲಿ ಆ ಹೆಚ್ಚಿನ ದುಡ್ಡು ಸಾರ್ಥಕ. ಕಾರ್ಬನ್ ಬ್ರಷ್ಷಿನ ಉಜ್ಜಾಟ ಇಲ್ಲದ್ದರಿಂದ ಅದೇ ಬ್ಯಾಟರಿಗೆ ಹೆಚ್ಚು ಕೆಲಸ ಬರುತ್ತದೆ.

ಕಂಪನಿಯದಲ್ಲದ ಹೊಂದಾಣಿಕೆ ಬ್ಯಾಟರಿಗಳು ಅರ್ಧ ಬೆಲೆಗೆ ಸಿಗುತ್ತವೆ. ಕೊಳ್ಳುವ ಮುಂಚೆ ತಕ್ಕಡಿಯಲ್ಲಿಡಿ. ಒಳಗಿರುವ 18650 ಸೆಲ್ ಒಂದೊಂದು 45 ಗ್ರಾಂ ಮೇಲೆ ತೂಗುತ್ತದೆ, ಹತ್ತಕ್ಕೆ 450 ಗ್ರಾಂ, ಕವಚ ಸೇರಿದರೆ 600ರ ಹತ್ತಿರ ಬರಬೇಕು. 5 ಎಎಚ್ ಎಂದು ಬರೆದು 400 ಗ್ರಾಂ ತೂಗಿದರೆ ಒಳಗೆ ಹತ್ತು ಸೆಲ್ ಇಲ್ಲ. ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಟೂಲಿಗೆ ಕೂರಿಸುವ ಅಡಾಪ್ಟರೂ ಬೇಡ. ಕೆಲವರ ಕಡಿಮೆ-ವೋಲ್ಟೇಜ್ ರಕ್ಷಣೆ ಬ್ಯಾಟರಿಯೊಳಗಿದೆ, ಕೆಲವರದು ಟೂಲಿನೊಳಗೆ. ಅಡಾಪ್ಟರ್ ನಡುವೆ ಬಂದರೆ ಎರಡು ಕಡೆಯೂ ರಕ್ಷಣೆ ಇಲ್ಲದೆ ಸೆಲ್ ಪೂರ್ತಿ ಬರಿದಾಗಿ ಸಾಯುತ್ತದೆ.

ದೆಹಲಿಗೋ ದುಬೈಗೋ ವಿಮಾನದಲ್ಲಿ ನಾಟಕ ಒಯ್ಯುವವರಿಗೆ: ಟೂಲ್ ಚೆಕ್-ಇನ್ ಸಾಮಾನಿನಲ್ಲಿ, ಬಿಡಿ ಬ್ಯಾಟರಿ ಕೈಚೀಲದಲ್ಲಿ. ತಿರುವುಮುರುವು ಮಾಡಿದರೆ ಎರಡೂ ಕಡೆ ತಡೆಯುತ್ತಾರೆ. 100 ವ್ಯಾಟ್-ಅವರ್ ಒಳಗಿದ್ದರೆ ಸಲೀಸು, 5 ಎಎಚ್ 90ಕ್ಕೆ ನಿಲ್ಲುತ್ತದೆ. 6 ಎಎಚ್ ಅಂದರೆ 108, ಅದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ತಲೆಗೆ ಎರಡೇ. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ರಂಗಬಡಗಿ:

ಧಾರವಾಡದವರ ಕ್ಲಚ್ ಮಾತು ಸರಿ. 4 ಮಿ.ಮೀ. ಪ್ಲೈಗೆ ಸ್ಕ್ರೂವೇ ಏಕೆ ಎಂದು ಕೇಳುತ್ತೇನೆ. ರೀಪಿಗೆ ಫೆವಿಕಾಲ್ ಹಚ್ಚಿ, ಮೇಲೆ ಎಫ್-25 ಪಿನ್ (25 ಮಿ.ಮೀ. ಉದ್ದದ ಸಣ್ಣ ಮೊಳೆ) ಹೊಡೆಯಿರಿ. ಶೆಡ್ಡಿನಲ್ಲಿ ಸಣ್ಣ ಕಂಪ್ರೆಸರ್ ಮತ್ತು ಗಾಳಿಯ ನೈಲರ್ ಇದ್ದರೆ ಒಂದು ಫ್ಲ್ಯಾಟ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬ್ಯಾಟರಿಯ ಬ್ರ್ಯಾಡ್ ನೈಲರ್ ಒಳ್ಳೆಯ ಟೂಲೇ, ಆದರೆ ತೂಕ ಹೆಚ್ಚು, ಬೆಲೆಯೂ ಹೆಚ್ಚು, ನಿಮ್ಮ 45,000ದಲ್ಲಿ ಅದಕ್ಕೆ ಜಾಗವಿಲ್ಲ. ಕಾಡಾ ಬಟ್ಟೆಗೆ ಕೈಯ ಸ್ಟೇಪ್ಲರ್, 8 ಅಥವಾ 10 ಮಿ.ಮೀ. ಪಿನ್. ಮೊದಲು ನಾಲ್ಕೂ ಬದಿಯ ನಡುಮಧ್ಯ, ಆಮೇಲೆ ಮೂಲೆಯ ಕಡೆಗೆ ಎಳೆಯುತ್ತ ಹೋಗಿ. ಬ್ಯಾಟರಿ ಸ್ಟೇಪ್ಲರಿನಿಂದ ಇಲ್ಲಿ ಏನೂ ಹೆಚ್ಚು ಸಿಗುವುದಿಲ್ಲ.

ಗರಗಸದ_ಹಲ್ಲು:

ಕೊಯ್ಯುವ ಟೂಲ್ ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ನಿಯಮ ಇಷ್ಟೇ: ಶೆಡ್ಡಿನಲ್ಲಿ ಕೊಯ್ಯುವುದೆಲ್ಲ ವೈರಿನಲ್ಲಿ, ಹಾಲ್‌ನಲ್ಲಿ ಕೊಯ್ಯುವುದೆಲ್ಲ ಬ್ಯಾಟರಿಯಲ್ಲಿ.

ಶೆಡ್ಡಿನಲ್ಲಿ 7¼ ಇಂಚಿನ ವೈರಿನ ಸರ್ಕ್ಯುಲರ್ ಸಾ ಒಂದಿದ್ದರೆ ದಿನವಿಡೀ ಪ್ಲೈ ಕೊಯ್ಯಬಹುದು. ಅದನ್ನೇ ಹಾಲ್‌ಗೆ ಒಯ್ದರೆ ತೊಂದರೆ. ವಿಂಗ್‌ನ ಪಕ್ಕದ ಗೋಡೆಯಲ್ಲಿ ಸಿಗುವುದು ಹೆಚ್ಚಾಗಿ 6 ಆಂಪಿಯರಿನ ಸಾಕೆಟ್, 230ರಿಂದ ಗುಣಿಸಿದರೆ 1,380 ವ್ಯಾಟ್. 1,400 ವ್ಯಾಟಿನ ಸಾ ಶುರುವಾಗುವಾಗ ಎಳೆಯುವ ಕರೆಂಟ್ ಅದರ ಹಲವು ಪಟ್ಟು, ಬ್ರೇಕರ್ ಬೀಳುತ್ತದೆ, ಜೊತೆಗೆ ಅದೇ ಲೈನಿನಲ್ಲಿರುವ ಸೌಂಡ್ ಬೋರ್ಡೂ ಹೋಗುತ್ತದೆ. ಎಕ್ಸ್‌ಟೆನ್ಷನ್ ವೈರ್ ಕತ್ತಲಲ್ಲಿ ನಟರ ಕಾಲಿಗೆ ಸಿಗುತ್ತದೆ. ಬ್ಯಾಟರಿ ಚಾರ್ಜರ್ ಎಳೆಯುವುದು ಇದರ ಕಾಲು ಭಾಗವೂ ಇಲ್ಲ.

ಹಾಲ್‌ನಲ್ಲಿ ಬೇಕಾಗುವುದು ಸಣ್ಣ ತಿದ್ದುಪಡಿ: ಬಾಗಿಲಿನ ಚೌಕಟ್ಟು ಅರ್ಧ ಇಂಚು ಕಡಿಯುವುದು, ಮಾಸ್ಕಿಂಗ್ (ಮರೆಮಾಡುವ) ಪಟ್ಟಿ ತುಂಡರಿಸುವುದು. ಅದಕ್ಕೆ 18 ವೋಲ್ಟಿನ ಜಿಗ್‌ಸಾ ಸಾಕು. ನಿಮ್ಮ ಮೂರನೇ ಟೂಲ್ ಅದೇ ಆಗಲಿ, ಬಾಡಿ ಮಾತ್ರ ಕೊಳ್ಳಿ, ಬ್ಯಾಟರಿ ಇದ್ದೇ ಇದೆ.

ಜಿಗ್‌ಸಾ ಬ್ಲೇಡಿನಲ್ಲಿ ಮೂರು ನಂಬರ್ ನೆನಪಿಡಿ. ನೇರ, ನಯವಾದ ಕೊಯ್ತಕ್ಕೆ ಟಿ 101 ಬಿ. ಅವಸರದ ಒರಟು ಕೆಲಸಕ್ಕೆ ಟಿ 144 ಡಿ. ಕಮಾನಿನ ಬಾಗಿಗೆ ಟಿ 101 ಎಒ, ಅದರ ಅಗಲ ಕಡಿಮೆ, ಹಾಗಾಗಿ ಸುಲಭವಾಗಿ ತಿರುಗುತ್ತದೆ. ಬಾಗು ಕೊಯ್ಯುವಾಗ, ಬ್ಲೇಡನ್ನು ಹಿಂದೆ ಮುಂದೆಯೂ ಆಡಿಸುವ ಪೆಂಡುಲಂ ಗುಂಡಿಯನ್ನು ಸೊನ್ನೆಗೆ ತನ್ನಿ. 3ರಲ್ಲಿಟ್ಟು ಬಾಗು ತಿರುಗಿಸಿದರೆ ಬ್ಲೇಡ್ ಒಳಗೆ ಓರೆಯಾಗುತ್ತದೆ: ಮೇಲ್ಮೈಯಲ್ಲಿ ಗೆರೆಯ ಮೇಲೇ ಇರುತ್ತದೆ, 18 ಮಿ.ಮೀ. ಕೆಳಗೆ ಮೂರ್ನಾಲ್ಕು ಮಿ.ಮೀ. ಆಚೆ. ಎರಡು ಕಮಾನಿನ ತುಂಡು ಬೆನ್ನಿಗೆ ಬೆನ್ನು ಇಟ್ಟಾಗ ಆ ಸಂದು ಪ್ರೇಕ್ಷಕರಿಗೂ ಕಾಣುತ್ತದೆ. ಬಿಗಿ ಬಾಗು ಇದ್ದರೆ ಹೊರಬದಿಯಿಂದ ಗೆರೆಯ ತನಕ ಎರಡು ಇಂಚಿಗೊಂದು ಅಡ್ಡ ಸೀಳು ಮೊದಲೇ ಹಾಕಿಕೊಳ್ಳಿ, ಕೊಯ್ಯುತ್ತಾ ಹೋದಂತೆ ಚೂರುಗಳು ಉದುರಿ ಬ್ಲೇಡಿಗೆ ಜಾಗ ಸಿಗುತ್ತದೆ. ಜಿಗ್‌ಸಾ, ಸರ್ಕ್ಯುಲರ್ ಸಾ ಎರಡೂ ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮುಖದಲ್ಲಿ. ಪ್ರೇಕ್ಷಕರಿಗೆ ಕಾಣುವ ಮುಖವನ್ನು ಕೆಳಗೆ ಮಾಡಿ ಕೊಯ್ಯಿರಿ.

ಮುಂದೆ ಬ್ಯಾಟರಿಯ ಸರ್ಕ್ಯುಲರ್ ಸಾ ಕೊಂಡರೆ 165 ಮಿ.ಮೀ. ಬ್ಲೇಡಿನದು ಸಾಕು. 24 ಹಲ್ಲಿನ ಬ್ಲೇಡ್ ಉದ್ದ ಸೀಳಲು, 40 ಹಲ್ಲಿನದು ಪ್ಲೈಯನ್ನು ನಯವಾಗಿ ಕೊಯ್ಯಲು. ಆಳವನ್ನು ಪ್ಲೈಗಿಂತ 5–6 ಮಿ.ಮೀ. ಮಾತ್ರ ಹೆಚ್ಚಿಡಿ. ಕೊಯ್ತದ ಎರಡೂ ಬದಿ ತುದಿಯಲ್ಲಿ ಮಾತ್ರ ಆಧಾರ ಕೊಟ್ಟರೆ ಪ್ಲೈ ನಡುವೆ ಬಗ್ಗಿ ಬ್ಲೇಡನ್ನು ಹಿಂಡುತ್ತದೆ, ಸಾ ಹಿಂದಕ್ಕೆ ಒದೆಯುತ್ತದೆ. ಕೆಳಗೆ ನಾಲ್ಕು ರೀಪು ಹಾಸಿ, ಎರಡು ಈ ಬದಿ, ಎರಡು ಆ ಬದಿ.

ಇದೊಂದನ್ನು ಕೈಮುಗಿದು ಹೇಳುತ್ತೇನೆ. 4 ಇಂಚಿನ ಆಂಗಲ್ ಗ್ರೈಂಡರಿಗೆ ಮರದ ಬ್ಲೇಡ್ ಹಾಕಿ ಪ್ಲೈ ಕೊಯ್ಯುವುದು ನಮ್ಮಲ್ಲಿ ಎಲ್ಲ ಕಡೆ ನಡೆದಿದೆ. ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ, ಕೂರಲು ತಳಪಟ್ಟಿ ಇಲ್ಲ, ಹಲ್ಲು ಮರಕ್ಕೆ ಕಚ್ಚಿದ ಕ್ಷಣ ಇಡೀ ಟೂಲ್ ಕೈಯಿಂದ ಕಿತ್ತು ಮುಖಕ್ಕೋ ತೊಡೆಗೋ ಬರುತ್ತದೆ. ಬ್ಯಾಟರಿಯ ಗ್ರೈಂಡರ್ ಆದರೂ ಅಪಾಯ ಅಷ್ಟೇ. ಗ್ರೈಂಡರ್ ಇರುವುದು ಚೌಕ ಪೈಪಿಗೆ, ಅದೂ ಹೊರಗೆ. ಪರದೆ, ಸೈಕ್ (ರಂಗದ ಹಿಂಬದಿಯ ದೊಡ್ಡ ಬಟ್ಟೆ) ಹತ್ತಿರ ಕಿಡಿ ಹಾರಿಸಬೇಡಿ.

ಮಲೆನಾಡ_ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಇಂಪ್ಯಾಕ್ಟ್, ಡ್ರಿಲ್ ಡ್ರೈವರ್, ಜಿಗ್‌ಸಾ, 5 ಎಎಚ್ ಎರಡು, ವೇಗದ ಚಾರ್ಜರ್, ಇಷ್ಟಕ್ಕೆ ನಿಂತಿದ್ದೇವೆ. ಎರಡು ಸಂಶಯ ಉಳಿದಿವೆ. ಬಣ್ಣ ಬಳಿದ ಮೇಲೆ ಸ್ಕ್ರೂ ತಲೆ ತುಂಬಿಕೊಂಡು ಬಿಟ್ ಕೂರುವುದೇ ಇಲ್ಲ, ಏನು ಮಾಡುವುದು? ಇಲ್ಲಿನ ಮಳೆಗಾಲಕ್ಕೆ ಟೂಲ್ ಹೇಗೆ ಕಾಪಾಡುವುದು?

ರಂಗಬಡಗಿ:

ಬಿಚ್ಚಬೇಕಾದ ಸ್ಕ್ರೂಗಳ ತಲೆಗೆ ಬಣ್ಣಕ್ಕೆ ಮುಂಚೆ ಮಾಸ್ಕಿಂಗ್ ಟೇಪಿನ ಸಣ್ಣ ತುಂಡು ಅಂಟಿಸಿ. ಬಣ್ಣ ಒಣಗಿದ ಮೇಲೆ ಟೇಪ್ ಕಿತ್ತು, ತಲೆಗೆ ಮಾತ್ರ ಸ್ಪಾಂಜಿನಿಂದ ತೆಳ್ಳಗೆ ಅದೇ ಬಣ್ಣ ಮುಟ್ಟಿಸಿ. ಸೀಳು ತುಂಬುವುದಿಲ್ಲ, ದೂರಕ್ಕೆ ಕಾಣುವುದೂ ಇಲ್ಲ. ಆಗಲೇ ತುಂಬಿದ್ದರೆ ಚೂಪು ಮೊಳೆಯ ತುದಿ ಸೀಳಿಗಿಟ್ಟು, ನಾಲ್ಕೂ ತೋಳಿನಲ್ಲಿ ಕೆರೆದು ಬಣ್ಣದ ಚಕ್ಕೆ ಊದಿ ಹಾರಿಸಿ. ಆಮೇಲೆ ಬಿಟ್ ಇಟ್ಟು ಹಿಂದಿನಿಂದ ಸುತ್ತಿಗೆಯಿಂದ ಹಗುರವಾಗಿ ಎರಡು ಪೆಟ್ಟು ಹಾಕಿ, ತಳಕ್ಕೆ ಕೂರುತ್ತದೆ. ನಂತರ ಇಂಪ್ಯಾಕ್ಟನ್ನು ಸ್ಕ್ರೂವಿನ ನೇರಕ್ಕೆ ಹಿಡಿದು, ಮೈಭಾರ ಕೊಟ್ಟು, ನಿಧಾನ ವೇಗದಲ್ಲಿ ಉಲ್ಟಾ ತಿರುಗಿಸಿ. ಮೊದಲೇ ಪೂರ್ತಿ ಟ್ರಿಗರ್ ಒತ್ತಿದರೆ ತಲೆ ಹೋಯಿತು.

ತಲೆ ಹೋಗೇಬಿಟ್ಟರೆ ಒದ್ದಾಡಬೇಡಿ. 6 ಮಿ.ಮೀ. ಲೋಹದ ಡ್ರಿಲ್ ಬಿಟ್ಟಿನಿಂದ ತಲೆಯನ್ನೇ ಕೊರೆದು ತೆಗೆಯಿರಿ, ಪ್ಲೈ ಎತ್ತಿ, ಉಳಿದ ಕಾಂಡವನ್ನು ಲಾಕಿಂಗ್ ಪ್ಲೈಯರಿನಲ್ಲಿ ಕಚ್ಚಿ ತಿರುಗಿಸಿ. ಕಪ್ಪು ಸ್ಕ್ರೂ ಗಟ್ಟಿ ಉಕ್ಕು, ನಿಧಾನ ವೇಗ, ಚೂಪಾದ ಬಿಟ್ ಬೇಕು. ಇದಕ್ಕೆ ಡ್ರಿಲ್ ಡ್ರೈವರ್, ಇಂಪ್ಯಾಕ್ಟ್ ಅಲ್ಲ. ಪ್ರತಿ ಪ್ರದರ್ಶನದ ನಂತರ ಸ್ಕ್ರೂಗಳನ್ನು ಒಂದು ತಟ್ಟೆಗೆ ಸುರಿದು ತಲೆ ನೋಡಿ. ಸೀಳಿನ ಅಂಚು ಹೊಳೆಯುತ್ತಿದ್ದರೆ, ಅಂದರೆ ಕಪ್ಪು ಲೇಪ ಹೋಗಿ ಬಿಳಿ ಲೋಹ ಕಂಡರೆ, ಅದನ್ನು ಅಲ್ಲೇ ಎಸೆಯಿರಿ.

ಕರಾವಳಿ_ರಂಗಸ್ಥಳ:

ಮಳೆಯ ಬಗ್ಗೆ ನಮ್ಮ ಕಡೆಯ ಲೆಕ್ಕ ಹೇಳುತ್ತೇನೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಯಕ್ಷಗಾನ ಮೇಳಗಳು ನವೆಂಬರಿಂದ ಮೇ ತನಕ ತಿರುಗಾಟದಲ್ಲಿರುತ್ತವೆ, ಮಳೆಗಾಲದಲ್ಲಿ ಸಾಮಾನೆಲ್ಲ ಒಳಗೆ. ಟೂಲ್ ಹಾಳಾಗುವುದು ಆ ಒಳಗಿದ್ದ ಐದಾರು ತಿಂಗಳಲ್ಲೇ.

ಮೊದಲು ಹೋಗುವುದು ಚಕ್. ಮೂರು ದವಡೆ ತುಕ್ಕು ಹಿಡಿದು ಬಿಟ್ ಕಚ್ಚುವುದಿಲ್ಲ. ಒಳಗಿಡುವ ಮುಂಚೆ ಚಕ್ಕನ್ನು ಪೂರ್ತಿ ತೆರೆದು, ಬಾಯಿ ಕೆಳಗೆ ಮಾಡಿ ತಟ್ಟಿ ಪುಡಿ ಉದುರಿಸಿ, ದವಡೆಗಳ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ ಒಮ್ಮೆ ಮುಚ್ಚಿ ತೆರೆಯಿರಿ. ಇಂಪ್ಯಾಕ್ಟಿನ ಹೆಕ್ಸ್ ಬಾಯಿಗೂ ಹಾಗೇ, ಅದರ ಕಾಲರ್ ಹತ್ತು ಸಲ ಹಿಂದೆ ಮುಂದೆ ಎಳೆಯಿರಿ, ಒಳಗಿನ ಸಣ್ಣ ಗುಂಡು ಸಡಿಲವಾಗಿ ಆಡಬೇಕು. ಮರದ ಪುಡಿ ತೇವ ಹೀರಿ ಲೋಹಕ್ಕೆ ಅಂಟಿಕೊಳ್ಳುವುದೇ ತುಕ್ಕಿಗೆ ಮೂಲ, ಹಾಗಾಗಿ ಮೋಟರಿನ ಗಾಳಿ ಕಿಂಡಿಯನ್ನು ಒಣ ಬ್ರಷ್ಷಿನಿಂದ ಗುಡಿಸಿ. ಬ್ಯಾಟರಿಯ ತಾಮ್ರದ ತುದಿಗಳಿಗೆ ಎಣ್ಣೆ ಬೇಡ, ಒಣ ಬಟ್ಟೆ ಸಾಕು.

ಬಂದೂಕಿನಂತೆ ಆಕಾರ ಕೊರೆದ ಫೋಮ್ ಇರುವ ಪೆಟ್ಟಿಗೆಯಲ್ಲಿ ಮಳೆಗಾಲ ಇಡಬೇಡಿ, ಫೋಮ್ ತೇವ ಹಿಡಿದುಕೊಳ್ಳುತ್ತದೆ. ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ. ಬಣ್ಣ ಬದಲಾಗುವ ಬಗೆಯದನ್ನು ತಂದರೆ ತೇವ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆ ಅಡುಗೆಗೆ ಬೇಡ.

ಮಳೆಗಾಲದಲ್ಲಿ ಪ್ಲೈಯೂ ರೀಪೂ ಉಬ್ಬುತ್ತವೆ. ಜೂನಿನಲ್ಲಿ ಬಿಗಿದ ಬೋಲ್ಟ್ ಡಿಸೆಂಬರಿನಲ್ಲಿ ಮರ ಕುಗ್ಗಿ ಸಡಿಲವಾಗಿರುತ್ತದೆ, ಸೀಸನ್ನಿನ ಮೊದಲ ಪ್ರದರ್ಶನಕ್ಕೆ ಮುಂಚೆ ಎಲ್ಲ ಲೆವೆಲ್ ಕಾಲುಗಳಿಗೂ 17ರ ಸ್ಪ್ಯಾನರ್ ಹಾಕಿ ನೋಡಿ, ಕೈಯಲ್ಲೇ. ಬ್ಯಾಟರಿಗಳ ಮೇಲೆ ಕೊಂಡ ತಿಂಗಳು ಮತ್ತು ಕ್ರಮಸಂಖ್ಯೆ ಬರೆದಿಡಿ. ಅವುಗಳಲ್ಲಿ ಒಂದು ಬೇಗ ಖಾಲಿಯಾಗತೊಡಗಿದರೆ ಯಾವುದೆಂದು ತಿಳಿಯಲು ಬೇರೆ ದಾರಿಯಿಲ್ಲ, ವಾರಂಟಿ ಇದ್ದಾಗಲೇ ಅದನ್ನು ವಾಪಸ್ ಕೊಡಬಹುದು.